ಸೊನ್ನೆಯಲ್ಲೊಂದು ಕಿಂಡಿ: ನಮ್ಮ ಕಿರುಚಿತ್ರ ಕಟ್ಟಿದ ಕಥೆ

ಮೊದಲ ಸಲ ಸಿನಿಮಾ ತೋರಿಸಿದ ದಿನ, ಲೈಟ್ ಹಾಕಿದ ಕೂಡಲೇ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ರಾಕೆಟ್ ಎಲ್ಲಿ?" ಇಡೀ ಸೆಮಿನಾರ್ ಹಾಲ್ ನಕ್ಕಿತು. ನಾವು ಐದು ಜನ ಸ್ಕ್ರೀನ್ ಪಕ್ಕ ನಿಂತಿದ್ದೆವು. ನಾನೂ ನಕ್ಕೆ. ಪ್ರಶ್ನೆ ಸರಿಯಾಗಿಯೇ ಇತ್ತು. ಹಾಲ್‌ನ ಬಾಗಿಲಿಗೆ ನಾನೇ ಕಟ್ಟಿದ್ದ ಫ್ಲೆಕ್ಸಿನಲ್ಲಿ, ನೇರಳೆ ಬೆಳಕು ಉಗುಳುತ್ತಾ ಕೋಟೆಯ ಮೇಲೆ ಹಾರುವ ಒಂದು ದೊಡ್ಡ ಆಕಾಶನೌಕೆ ಇತ್ತು. 11 ನಿಮಿಷದ ನಮ್ಮ "ಎಂಟನೇ ಸುತ್ತು" ಸಿನಿಮಾದಲ್ಲಿ ಆಕಾಶನೌಕೆ ಒಂದು ಫ್ರೇಮಿನಲ್ಲೂ ಇರಲಿಲ್ಲ.

ಆ ಫ್ಲೆಕ್ಸ್ ಡಿಸೈನ್ ಮಾಡಿದ್ದು ಕಥೆ ಬರೆಯುವುದಕ್ಕೂ ಮುಂಚೆ. ಲೋಗೋ, ಪೋಸ್ಟರ್, ಟೀ ಶರ್ಟ್ ಎಲ್ಲ ಮೊದಲೇ ರೆಡಿ. ಸಿನಿಮಾ ಮಾತ್ರ ಬಾಕಿ. ಈಗ ನೆನೆಸಿಕೊಂಡರೆ ಮದುವೆ ಛತ್ರ ಬುಕ್ ಮಾಡಿ ಆಮೇಲೆ ಹೆಣ್ಣು ನೋಡಲು ಹೊರಟ ಹಾಗೆ ಅನಿಸುತ್ತದೆ. ಆ ಫ್ಲೆಕ್ಸಿನಿಂದ ಈಗಿನ ಪೋಸ್ಟರ್‌ವರೆಗೆ ಏನೇನು ಕಟ್ಟಿದೆವು, ಏನೇನು ಸುಟ್ಟೆವು ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ಸುಟ್ಟೆವು ಅಂದರೆ ನಿಜವಾಗಿಯೂ ಸುಟ್ಟೆವು.

ಕಥೆ ಎಲ್ಲಿಂದ ಬಂತು

ನಾವು ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದವರು. ಸೈನ್ಸ್ ಫಿಕ್ಷನ್ ಮಾಡುತ್ತೇವೆ ಅಂದಾಗ ಮನೆಯಲ್ಲಿ, "ಅದೆಲ್ಲ ಅಮೆರಿಕದವರ ಕೆಲಸ" ಅಂದರು. ನಮ್ಮ ಜಿಲ್ಲೆಗೆ ಅದು ಅಷ್ಟೇನೂ ದೂರದ ಮಾತಲ್ಲ. 2023ರ ಏಪ್ರಿಲ್ 2ರ ಬೆಳಗ್ಗೆ ಇಸ್ರೋದ ಮರುಬಳಕೆ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಮೇಲಿನಿಂದ ಬಿಟ್ಟಿತು. ಅದು ಪೈಲಟ್ ಇಲ್ಲದೆ ತಾನೇ ತಿರುಗಿಕೊಂಡು ಬಂದು ಇಳಿದದ್ದು ನಮ್ಮ ಚಳ್ಳಕೆರೆ ಕಡೆಯ ರನ್‌ವೇ ಮೇಲೆ. ಚಂದ್ರಯಾನದ ಲ್ಯಾಂಡರ್ ಸೆನ್ಸರ್‌ಗಳ ಪರೀಕ್ಷೆಗೆ ಚಂದ್ರನ ಕುಳಿಗಳ ಹಾಗೆ ಗುಂಡಿ ತೋಡಿದ್ದು ಉಳ್ಳಾರ್ತಿ ಕಾವಲಿನಲ್ಲಿ. ದನ ಕುರಿ ಮೇಯುವ ಕಾವಲಿನಲ್ಲೇ ಚಂದ್ರನ ನೆಲ ಮಾಡಿದ ಮೇಲೆ, ಬಂಡೆಗುಡ್ಡದಲ್ಲಿ ಒಂದು ಸಿನಿಮಾ ಮಾಡಲು ಏನು ಕಷ್ಟ ಅಂದುಕೊಂಡೆವು. ಕಷ್ಟ ಏನು ಅಂತ ಆಮೇಲೆ ಗೊತ್ತಾಯಿತು.

ಕಥೆ ಬರೆದವಳ ಲೆಕ್ಕ ಸರಳ. ದುರ್ಗದ ಕೋಟೆಗೆ ಏಳು ಸುತ್ತು. ಎಂಟನೆಯದು ಆಕಾಶದಲ್ಲಿ. ಉಪಗ್ರಹಗಳು ಒಂದಕ್ಕೊಂದು ಬಡಿದು ಚೂರಾಗುತ್ತವೆ. ಆ ಚೂರುಗಳು ಇನ್ನಷ್ಟು ಉಪಗ್ರಹಗಳಿಗೆ ಬಡಿಯುತ್ತವೆ. ಕೊನೆಗೆ ಭೂಮಿಯ ಸುತ್ತ ಕಸದ್ದೇ ಒಂದು ಕೋಟೆ. ಇಂಥ ಸರಪಳಿ ಸಾಧ್ಯ ಎಂದು ನಾಸಾದ ಡೊನಾಲ್ಡ್ ಕೆಸ್ಲರ್ 1978ರಲ್ಲೇ ಲೆಕ್ಕ ಹಾಕಿ ಬರೆದಿದ್ದರು. 2009ರ ಫೆಬ್ರವರಿಯಲ್ಲಿ ಇರಿಡಿಯಂ 33 ಮತ್ತು ಕಾಸ್ಮೊಸ್ 2251 ಎಂಬ ಎರಡು ಉಪಗ್ರಹ ಸೈಬೀರಿಯಾದ ಮೇಲೆ ನಿಜವಾಗಿಯೇ ಡಿಕ್ಕಿ ಹೊಡೆದವು. ನಮ್ಮ ಸಿನಿಮಾ ನಡೆಯುವುದು 2075ರಲ್ಲಿ. ಯಾರೂ ಭೂಮಿಯಿಂದ ಹೊರಗೆ ಹೋಗಲಾರರು. ದುರ್ಗದ ಬಂಡೆಗಳ ನಡುವೆ ಒಬ್ಬ ಹುಡುಗಿ ರಾತ್ರಿ ಪಾಳಿಯಲ್ಲಿ ಆಕಾಶಕ್ಕೆ ಕಿವಿಗೊಟ್ಟು ಕೂರುತ್ತಾಳೆ. ಒಂದು ರಾತ್ರಿ ಎಂದೋ ಸತ್ತ ಉಪಗ್ರಹವೊಂದು ಮಾತಾಡುತ್ತದೆ. ಅಂದರೆ ಸುತ್ತಿನಲ್ಲಿ ಎಲ್ಲೋ ಕಿಂಡಿ ಬಿದ್ದಿದೆ.

ಕಿಂಡಿ ಅಂದ ಕೂಡಲೇ ನಮ್ಮೂರಿನವರಿಗೆ ಯಾರು ನೆನಪಾಗುತ್ತಾರೆ ಅಂತ ಹೇಳಬೇಕಿಲ್ಲ, ಅಲ್ವಾ? ಒನಕೆ ಮಾತ್ರ ಎಲ್ಲೂ ತೋರಿಸಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ತೋರಿಸಿದರೆ ಸಿನಿಮಾ ಅಲ್ಲಿಗೇ ಮುಗಿದು ರಾಜ್ಯೋತ್ಸವದ ಟ್ಯಾಬ್ಲೋ ಆಗುತ್ತದೆ.

ಸ್ಕ್ರಿಪ್ಟ್ ಓದಿದ ಫಿಸಿಕ್ಸ್ ಸರ್ ಒಂದೇ ಮಾತಿನಲ್ಲಿ ಕೆಡವಿದರು. "ಕಿಂಡಿ ಗೋಡೆಯಲ್ಲಿರುತ್ತೆ. ಗೋಡೆ ನಿಂತಿರುತ್ತೆ. ನಿಮ್ಮ ಚೂರುಗಳು ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡ್ತಾ ಇವೆ, ಒಂದೊಂದರ ದಾರಿ ಒಂದೊಂದು. ಕಿಂಡಿ ಹೇಗಮ್ಮ ನಿಲ್ಲುತ್ತೆ?" ಬರೆದವಳು ಒಂದು ದಿನ ಮಾತಾಡಲಿಲ್ಲ. ಮಾರನೆಯ ದಿನ ಬಂದು, "ನಿಲ್ಲಲ್ಲ. ಅದೇ ಕಥೆ" ಅಂದಳು. ಕೆಳಗಿನ ಕಕ್ಷೆಯ ಉಪಗ್ರಹವೊಂದು ನಮ್ಮ ತಲೆಯ ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾಟಲು ಸುಮಾರು ಹತ್ತು ನಿಮಿಷ. ಕಿಂಡಿಯೂ ಅಷ್ಟೇ ಹೊತ್ತು. ಸಿನಿಮಾದ ಹುಡುಗಿ ಮಾತಾಡಬೇಕಾದ್ದೆಲ್ಲ ಅಷ್ಟರಲ್ಲೇ ಆಡಬೇಕು. 22 ಪುಟದ ಸ್ಕ್ರಿಪ್ಟ್ 9 ಪುಟಕ್ಕೆ ಇಳಿಯಿತು. ನಮ್ಮ ಇಡೀ ಪ್ರಾಜೆಕ್ಟಿನಲ್ಲಿ ಇಷ್ಟು ಲಾಭ ತಂದ ತಪ್ಪು ಇನ್ನೊಂದಿಲ್ಲ.

ಸತ್ತ ಉಪಗ್ರಹ ಮಾತಾಡುವುದು ಸುಳ್ಳು ಅಂತ ಯಾರಾದರೂ ಹೇಳಿದರೆ ಸರ್ ಹೇಳಿಕೊಟ್ಟ ಉತ್ತರ ನಮ್ಮ ಹತ್ತಿರ ಇತ್ತು. ಹವ್ಯಾಸಿ ರೇಡಿಯೋದವರ ಆಸ್ಕರ್ 7 ಎಂಬ ಉಪಗ್ರಹ 1974ರ ನವೆಂಬರ್‌ನಲ್ಲಿ ಮೇಲೆ ಹೋಯಿತು. 1981ರಲ್ಲಿ ಬ್ಯಾಟರಿ ಶಾರ್ಟ್ ಆಗಿ ಸತ್ತಿತು. 2002ರ ಜೂನ್‌ನಲ್ಲಿ ಮತ್ತೆ ಅದರ ದನಿ ಕೇಳಿಸಿತು. ಶಾರ್ಟ್ ಆಗಿದ್ದ ಬ್ಯಾಟರಿಯ ಒಳಗಿನ ದಾರಿ ಕಡಿದು, ಸೋಲಾರ್ ಪ್ಯಾನೆಲ್‌ನಿಂದ ನೇರವಾಗಿ ಕರೆಂಟ್ ಹರಿಯತೊಡಗಿತ್ತು. ಬಿಸಿಲಿದ್ದಾಗ ಎಚ್ಚರ, ಭೂಮಿಯ ನೆರಳಿಗೆ ಬಂದಾಗ ನಿದ್ದೆ. ನಮ್ಮ ಉಪಗ್ರಹಕ್ಕೂ ಇದೇ ಗುಣ ಕೊಟ್ಟೆವು. ಕೊನೆಯ ಸೀನಿನಲ್ಲಿ ಅದು ಮಾತಿನ ಮಧ್ಯೆ ನಿಲ್ಲುವುದು ಇದಕ್ಕೇ.

ಹೆಲ್ಮೆಟ್

ಭೂಮಿಯ ಮೇಲೆ ಕೂತವಳಿಗೆ ಹೆಲ್ಮೆಟ್ ಯಾಕೆ ಅಂತ ಎಲ್ಲರೂ ಕೇಳಿದರು. ಧೂಳು ಅಂದೆವು. ನಮ್ಮ ಕಡೆಯ ಬೇಸಿಗೆ ಕಂಡವರು ಮತ್ತೆ ಕೇಳಲಿಲ್ಲ.

ಮೊದಲನೆಯದನ್ನು ಥರ್ಮೋಕೋಲ್‌ನಲ್ಲಿ ಮಾಡಿದೆ. ಮದುವೆ ಸ್ಟೇಜ್ ಅಲಂಕಾರ ಮಾಡುವವರ ಹತ್ತಿರ ಎರಡು ಅರ್ಧಗೋಳ ಸಿಕ್ಕವು. ಕೊರೆದು, ಅಂಟಿಸಿ, ಉಪ್ಪುಕಾಗದ ಹಾಕಿ ಉಜ್ಜಿ ನಯ ಮಾಡಲು ಎರಡು ಸಂಜೆ ಹಿಡಿಯಿತು. ಮೂರನೆಯ ಸಂಜೆ ಬೆಳ್ಳಿ ಬಣ್ಣದ ಸ್ಪ್ರೇ ಹೊಡೆದೆ. ಹೊಡೆದ ಕಡೆಯೆಲ್ಲ ಚರಚರ ಅಂತ ಒಳಗೆ ಕುಸಿಯಿತು. ಐದು ನಿಮಿಷದಲ್ಲಿ ಹೆಲ್ಮೆಟ್ ಹೋಗಿ ಇಲಿ ತಿಂದ ಬೂದುಗುಂಬಳ ಆಗಿತ್ತು. ಸ್ಪ್ರೇ ಪೇಂಟಿನ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತದೆ. ಕೆಮಿಸ್ಟ್ರಿ ಓದುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಮೊದಲು ಫೆವಿಕಾಲ್‌ನ ಎರಡು ಕೋಟ್ ಬಳಿದು, ಚೆನ್ನಾಗಿ ಒಣಗಿಸಿ, ಆಮೇಲೆ ಬಣ್ಣ ಹೊಡೆದಿದ್ದರೆ ಉಳಿಯುತ್ತಿತ್ತು.

ಎರಡನೆಯದು ಬಲೂನ್ ಮೇಲೆ ಪೇಪರ್. ಹಳೆಯ ದಿನಪತ್ರಿಕೆಯನ್ನು ಎರಡು ಬೆರಳಗಲದ ಪಟ್ಟಿ ಮಾಡಿ, ಮೈದಾ ಅಂಟಿಗೆ ಸ್ವಲ್ಪ ಫೆವಿಕಾಲ್ ಸೇರಿಸಿ, ಆರು ಪದರ ಅಂಟಿಸಿದೆ. ಒಂದು ಪದರ ಒಣಗದೆ ಇನ್ನೊಂದು ಹಾಕಬಾರದು. ಜುಲೈ ತಿಂಗಳು, ಮೋಡ ಬೇರೆ. ಏಳು ದಿನ ಹಿಡಿಯಿತು. ನಾಲ್ಕನೆಯ ರಾತ್ರಿ ಬಲೂನಿನ ಗಾಳಿ ಇಳಿದು ಎಡಗಡೆ ಒಂದು ತಗ್ಗು ಬಿತ್ತು. ಅಮ್ಮ ನೋಡಿ, "ಯಾರೋ ಕುಕ್ಕಿದಂಗಿದೆ" ಅಂದರು. ಹಾಗೇ ಬಿಟ್ಟೆ. ಸಿನಿಮಾದಲ್ಲಿ ಅದು ಆಕಾಶದ ಚೂರು ಬಡಿದ ಗುರುತು. ಅದಕ್ಕೆ ಒಂದು ಡೈಲಾಗ್ ಕೂಡ ಸೇರಿತು. ಮುಖದ ಮುಂದಿನ ಗಾಜಿಗೆ ಹೈವೇ ಪಕ್ಕ ಹೆಲ್ಮೆಟ್ ಮಾರುವವರ ಹತ್ತಿರ ಬೈಕ್ ಹೆಲ್ಮೆಟಿನ ವೈಸರ್ ತಂದೆ.

ಹಾಕಿಕೊಂಡು ಎರಡು ನಿಮಿಷ ಉಸಿರಾಡಿದರೆ ವೈಸರ್ ತುಂಬಾ ಮಂಜು. ನಟಿಸುವವಳ ಮುಖವೇ ಕಾಣುತ್ತಿರಲಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಒಳಮೈಗೆ ಸವರಿ, ಒಣಬಟ್ಟೆಯಲ್ಲಿ ಪೂರ್ತಿ ಒರೆಸಿದರೆ ಇಪ್ಪತ್ತು ನಿಮಿಷ ತಡೆಯುತ್ತದೆ. ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ. ಅದು ಸಾಲದು ಅಂತ ಹಿಂಭಾಗದಲ್ಲಿ ತೂತು ಕೊರೆದು 5 ವೋಲ್ಟಿನ ಒಂದು ಪುಟ್ಟ ಫ್ಯಾನ್ ಕೂರಿಸಿದೆ. ಗಲ್ಲದ ಹತ್ತಿರ ನಾಲ್ಕು ಬಿಳಿ ಎಲ್ಇಡಿ. ನಿಜವಾದ ಗಗನಯಾತ್ರಿ ತನ್ನ ಕಣ್ಣಿಗೇ ಲೈಟ್ ಬಿಟ್ಟುಕೊಳ್ಳುವುದಿಲ್ಲ ಅಂತ ಗೊತ್ತು. ಸಿನಿಮಾದಲ್ಲಿ ಮುಖ ಕಾಣಬೇಕಲ್ಲ.

ಎಲ್ಲಕ್ಕೂ ಬೆನ್ನಿಗೆ ಕಟ್ಟಿದ ಒಂದು ಪವರ್ ಬ್ಯಾಂಕ್. ಶೂಟಿಂಗ್ ದಿನ "ಆ್ಯಕ್ಷನ್" ಅಂದು ಅರ್ಧ ನಿಮಿಷ ಆಗುವಷ್ಟರಲ್ಲಿ ಲೈಟ್, ಫ್ಯಾನ್ ಎರಡೂ ಆಫ್. ವೈರ್ ಲೂಸ್ ಅಂದುಕೊಂಡು ಮತ್ತೆ ಬೆಸುಗೆ ಹಾಕಿದೆ. ಮತ್ತೆ ಆಫ್. ಮೂರು ಗಂಟೆ ಹಾಳು. ತಪ್ಪು ವೈರಿನದಲ್ಲ. ಎಳೆಯುವ ಕರೆಂಟ್ ತೀರಾ ಕಡಿಮೆ ಇದ್ದರೆ, ಫೋನ್ ಚಾರ್ಜ್ ಮುಗಿಯಿತು ಅಂದುಕೊಂಡು ಪವರ್ ಬ್ಯಾಂಕ್ ತಾನೇ ಮಲಗಿಬಿಡುತ್ತದೆ. ಅದನ್ನು ಎಚ್ಚರ ಇಡಲು ಸುಮ್ನೆ ಕರೆಂಟ್ ತಿನ್ನುವ ಒಂದು ರೆಸಿಸ್ಟರ್ ಬೇಕು. 47 ಓಮ್ ಹಾಕಿದರೆ 5 ವೋಲ್ಟಿಗೆ ಸುಮಾರು 106 ಮಿಲಿಆಂಪ್. ಸಾಕು. ನಾನು ಲ್ಯಾಬಿನ ಡಬ್ಬಿಯಿಂದ ತಂದದ್ದು ಕಾಲು ವ್ಯಾಟಿನದು. ಅಲ್ಲಿ ಸುಡುವುದು ಅರ್ಧ ವ್ಯಾಟಿಗಿಂತ ಜಾಸ್ತಿ. ಟೇಕ್ ಮಧ್ಯೆ ಹೆಲ್ಮೆಟ್ ಒಳಗಿಂದ, "ಲೇ, ಏನೋ ಸುಟ್ಟ ವಾಸನೆ ಕಣ್ರೇ" ಅಂತ ಕೂಗು. ಒಳಗಿನ ಪೇಪರ್ ಕಪ್ಪಾಗಿತ್ತು, ಇನ್ನೇನು ಹೊತ್ತಿಕೊಳ್ಳುವುದರಲ್ಲಿತ್ತು. ಕಾಗದದ ಹೆಲ್ಮೆಟಿನೊಳಗೆ ಒಬ್ಬಳ ತಲೆ ಇದ್ದಾಗ ಇಂಥದ್ದು ಮಾಡಬಾರದಿತ್ತು. ಆಮೇಲೆ 2 ವ್ಯಾಟಿನ ರೆಸಿಸ್ಟರ್ ತಂದು, ಹೆಲ್ಮೆಟಿನಿಂದ ಹೊರಗೆ, ಪವರ್ ಬ್ಯಾಂಕ್ ಪಕ್ಕ ಕಟ್ಟಿದೆ.

ಕೇಳುವ ಕೋಣೆ, ಬಂಡೆ, ಕಂಬಳಿ

ಅವಳು ಕೂರುವ ಕೇಳುವ ಕೋಣೆ ನಮ್ಮ ಮನೆಯ ಅಟ್ಟ. ಕಂಟ್ರೋಲ್ ಪ್ಯಾನೆಲ್‌ಗೆ ಗುಜರಿ ಅಂಗಡಿಯಿಂದ ಕೆಟ್ಟ ಯುಪಿಎಸ್, ರೇಡಿಯೋ ಡಯಲ್, ಮಿಕ್ಸಿಯ ಸ್ವಿಚ್, ಕೀಬೋರ್ಡ್ ತೂಕದ ಮೇಲೆ ತಂದೆವು. ಹಲಗೆಗೆ ತಿರುಪು ಹಾಕಿ ಕೂರಿಸಿ ಮ್ಯಾಟ್ ಬೂದು ಬಣ್ಣ ಬಳಿದ ಮೇಲೆ ಅದು ಎಲ್ಲಾ ಸಿನಿಮಾದ ಪ್ಯಾನೆಲ್‌ಗಳಂತೆಯೇ ಕಂಡಿತು. ಬೇರೆಯಾಗಿ ಕಂಡದ್ದು ಹೆಸರು ಬರೆದಾಗ. "ದಿಕ್ಕು", "ಎತ್ತರ", "ಉಸಿರು", "ಸದ್ದು". ಡಯಲ್ ಸುತ್ತ ಕನ್ನಡ ಅಂಕಿ. ಒಂದೇ ಒಂದು ಸ್ವಿಚ್ಚಿಗೆ ಹೆಸರಿಲ್ಲ. ನೋಡಿದವರೆಲ್ಲ ಅದೇನು ಅಂತ ಕೇಳುತ್ತಾರೆ. ಅದು ಮಿಕ್ಸಿಯದು, ಅಷ್ಟೇ.

ಅಟ್ಟದಲ್ಲಿ ತೆಗೆದ ಮೊದಲ ದಿನದ ಶಾಟ್‌ಗಳಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ತೇಲುತ್ತಿದ್ದವು. ನಮ್ಮ ಕರೆಂಟ್ 50 ಹರ್ಟ್ಜ್. ಅಗ್ಗದ ಬಲ್ಬುಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ್ದು ಫೋನಿಗೆ ಕಾಣುತ್ತದೆ. ಫೋನ್ ಆಟೋದಲ್ಲಿದ್ದು ಶಟರ್ ತನಗೆ ಬೇಕಾದ ಹಾಗೆ ಬದಲಿಸುತ್ತಿತ್ತು. ಮ್ಯಾನುಯಲ್ ಕ್ಯಾಮೆರಾ ಆ್ಯಪ್ ಹಾಕಿ ಶಟರ್ 1/50, ಸೆಕೆಂಡಿಗೆ 25 ಫ್ರೇಮ್ ಅಂತ ಕಟ್ಟಿಹಾಕಿದ ಮೇಲೆ ಬಲ್ಬಿನ ಪಟ್ಟೆ ಹೋಯಿತು. ಎಲ್ಇಡಿ ಪಟ್ಟಿಯದು ಹೋಗಲಿಲ್ಲ. ಅದರ ಡಿಮ್ಮರ್ ಬೆಳಕು ತಗ್ಗಿಸುವುದೇ ಬೇಗ ಬೇಗ ಆನ್ ಆಫ್ ಮಾಡಿ. ಡಿಮ್ಮರ್ ಕಿತ್ತು ಹಾಕಿ, ಪೂರ್ತಿ ಬೆಳಕಿಟ್ಟು, ಬಟರ್ ಪೇಪರ್ ನಾಲ್ಕು ಪದರ ಸುತ್ತಿದೆವು. ಬೆಳಕು ಮೆತ್ತಗೂ ಆಯಿತು.

ಹೊರಗಿನ ಸೀನುಗಳು ಕೋಟೆಯಲ್ಲೇ ಆಗಬೇಕು ಅಂತ ಆಸೆ ಇತ್ತು. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಶೂಟಿಂಗ್‌ಗೆ ಮೊದಲೇ ಅರ್ಜಿ ಹಾಕಿ, ಶುಲ್ಕ ಕಟ್ಟಿ ಪರವಾನಗಿ ತರಬೇಕು. ನಮ್ಮ ಸೀನೆಲ್ಲ ರಾತ್ರಿಯವು, ಕೋಟೆ ಸಂಜೆ ಮುಚ್ಚುತ್ತದೆ. ಕದ್ದು ಮಾಡೋಣ ಅಂತ ಒಬ್ಬ ಅಂದ, ಉಳಿದವರು ಬೈದೆವು. ಕೊನೆಗೆ ಕ್ಯಾಮೆರಾ ಹಿಡಿದವನ ಸೋದರಮಾವನ ಹೊಲದ ಪಕ್ಕದ ಬಂಡೆಗುಡ್ಡದಲ್ಲಿ ತೆಗೆದೆವು. ಕಲ್ಲು ಅದೇ ಕಲ್ಲು, ಗಾಳಿ ಅದೇ ಗಾಳಿ. ಕೋಟೆ ಇಲ್ಲದ್ದು ಒಳ್ಳೆಯದೇ ಆಯಿತು. ಏಳು ಸುತ್ತು ಕಣ್ಣಿಗೆ ಕಾಣದೆ ಮಾತಿನಲ್ಲಿ ಮಾತ್ರ ಬಂದಾಗ ಎಂಟನೆಯದನ್ನೂ ನೋಡುವವರು ನಂಬುತ್ತಾರೆ.

ಎದುರಿನ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು. ಮೊದಲ ರಾತ್ರಿ ಅವು ಫ್ರೇಮಿನಲ್ಲಿ ಬಾರದಂತೆ ಒದ್ದಾಡಿದೆವು. ಎರಡನೆಯ ರಾತ್ರಿ ಅವುಗಳ ನೆತ್ತಿಯ ಕೆಂಪು ದೀಪಗಳು ಕತ್ತಲಲ್ಲಿ ಮಿನುಗುವುದನ್ನು ನೋಡುತ್ತಾ ಕೂತಾಗ ಬರೆದವಳು, "ಇವೇ ಕಾವಲಿನವರು" ಅಂದಳು. 2075ಕ್ಕೆ ನಾವು ಒಂದು ರೂಪಾಯಿ ಖರ್ಚು ಮಾಡದೆ ಸಿಕ್ಕ ಸೆಟ್ ಅದು.

ನಟಿಸಿದವಳ ಮೈಮೇಲೆ ಅವಳ ಅಜ್ಜನ ಕರಿ ಕಂಬಳಿ. ಮೊದಲು ಹೊಳೆಯುವ ರೆಕ್ಸಿನ್ ಜಾಕೆಟ್ ಹೊಲಿಸಿದ್ದೆವು. ಅದು ಗಾಳಿಗೆ ಪಟಪಟ ಅನ್ನುತ್ತಿತ್ತು, ಆರ್ಕೆಸ್ಟ್ರಾ ಹಾಡುಗಾರರ ಕೋಟಿನ ಹಾಗೂ ಕಾಣುತ್ತಿತ್ತು. ಚಳಿಗೆ ಅವಳು ಕಂಬಳಿ ಹೊದ್ದು ಕೂತಾಗ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಹೆಲ್ಮೆಟ್ ಮತ್ತು ಕಂಬಳಿ! ತೊಂದರೆ ಒಂದೇ: ಕರಿ ಕಂಬಳಿ ಕತ್ತಲಲ್ಲಿ ಪೂರ್ತಿ ಮಾಯವಾಗಿ ಹೆಲ್ಮೆಟ್ ಒಂದೇ ಗಾಳಿಯಲ್ಲಿ ತೇಲುತ್ತಿತ್ತು. ಹಿಂದಿನ ಬಂಡೆಯ ಮರೆಯಲ್ಲಿ ಬೈಕ್ ನಿಲ್ಲಿಸಿ ಹೆಡ್‌ಲೈಟ್ ಬಿಟ್ಟೆವು. ಕಂಬಳಿಯ ಅಂಚಿನ ಉಣ್ಣೆಯ ಎಳೆಗಳು ಬೆಳ್ಳಗೆ ಹೊತ್ತಿಕೊಂಡಂತೆ ಕಂಡವು. ಎಂಜಿನ್ ಆನ್ ಇದ್ದುದರಿಂದ ಆ ಶಾಟ್‌ಗಳ ಧ್ವನಿ ಪೂರ್ತಿ ಹೋಯಿತು, ಅದು ಬೇರೆ.

ಧ್ವನಿಯ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ದುರ್ಗದ ಗಾಳಿಗೆ ಫೋನಿನ ಮೈಕ್ ಏನೂ ಅಲ್ಲ. ಜಾತ್ರೆಯಲ್ಲಿ ತಂದ ಟೆಡ್ಡಿ ಗೊಂಬೆಯ ಚರ್ಮ ಸುಲಿದು, ಕಾಲರ್ ಮೈಕಿಗೆ ತುಪ್ಪಳದ ಟೋಪಿ ಹೊಲಿದೆವು. ಅರ್ಧ ಗಾಳಿ ನಿಂತಿತು. ಉಳಿದದ್ದನ್ನು ಅಟ್ಟದಲ್ಲಿ ಹಾಸಿಗೆ ನಿಲ್ಲಿಸಿಕೊಂಡು ಡಬ್ ಮಾಡಿದೆವು. ಉಪಗ್ರಹದ ದನಿಗೆ ಒಂದು ಬೀಪ್ ಸಾಕಾಯಿತು. ಉಪಗ್ರಹ ನಮ್ಮ ಕಡೆ ಬರುವಾಗ ಅದರ ಅಲೆಯ ಕಂಪನ ಏರಿರುತ್ತದೆ, ದಾಟಿ ಹೋಗುವಾಗ ಇಳಿಯುತ್ತದೆ. ರೈಲಿನ ಸೀಟಿಯ ಹಾಗೆ. ನಮ್ಮ ಬೀಪ್ ಕೂಡ ಸಿನಿಮಾ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಯಾರೂ ಗಮನಿಸಿಲ್ಲ, ಆದರೆ ಕೊನೆಯ ನಿಮಿಷದಲ್ಲಿ ಎಲ್ಲರೂ ಮುಂದಕ್ಕೆ ಬಾಗಿ ಕೂರುತ್ತಾರೆ.

ಅಕ್ಷರ

ನನ್ನ ನಿಜವಾದ ಕೆಲಸ ಇದು. ತಪ್ಪೂ ಇಲ್ಲೇ ಜಾಸ್ತಿ.

ಮೊದಲ ಟೈಟಲ್ ಇಂಗ್ಲಿಷಿನಲ್ಲಿತ್ತು. "ಪ್ರಾಜೆಕ್ಟ್" ಅಂತ ಶುರುವಾಗಿ ಒಂದು ನಂಬರಿನಲ್ಲಿ ಮುಗಿಯುತ್ತಿತ್ತು. ನಾಚಿಕೆ ಆಗುತ್ತದೆ, ಪೂರ್ತಿ ಹೇಳುವುದಿಲ್ಲ. ಸ್ಕ್ರಿಪ್ಟ್ ಮುಗಿದ ಮೇಲೆ "ಎಂಟನೇ ಸುತ್ತು" ಆಯಿತು. ಸುತ್ತು ಅಂದರೆ ಕೋಟೆಯ ಸುತ್ತೂ ಹೌದು, ಉಪಗ್ರಹ ಹಾಕುವ ಸುತ್ತೂ ಹೌದು. ಎರಡೂ ಒಂದೇ ಮಾತಿನಲ್ಲಿ ಇಂಗ್ಲಿಷಿನಲ್ಲಿ ಬರುವುದಿಲ್ಲ. ಸಬ್‌ಟೈಟಲ್ ಮಾಡುವಾಗ ಅನುವಾದ ಮಾಡದೆ ಹಾಗೇ ರೋಮನ್ ಲಿಪಿಯಲ್ಲಿ ಬರೆದೆವು.

ಆ ಹೆಸರಿಗೆ ಮಾಡಿದ ಮೊದಲ ಲೋಗೋ ಏಳು ಗೆರೆಯ ವೃತ್ತ, ಹೊರಗೆ ಎಂಟನೆಯದು ಚುಕ್ಕಿ ಚುಕ್ಕಿ. ಲ್ಯಾಪ್‌ಟಾಪಿನಲ್ಲಿ ಭಾರಿ ಚೆನ್ನಾಗಿತ್ತು. ವಾಟ್ಸಾಪ್ ಡಿಪಿ ಮಾಡಿದ ಕೂಡಲೇ ಚಕ್ಕುಲಿ ಆಯಿತು. ಉತ್ಪ್ರೇಕ್ಷೆ ಅಲ್ಲ, ನನ್ನ ತಮ್ಮ "ಯಾವ ಬೇಕರಿಯದಕ್ಕಾ?" ಅಂತಲೇ ಕೇಳಿದ. ಎರಡನೆಯದು ಕನ್ನಡದ ೮. ಅದರ ಬಾಯಿ ತೆರೆದೇ ಇರುತ್ತದೆ, ಕಿಂಡಿಗೆ ಸರಿಯಾಗಿದೆ ಅಂತ ಕುಣಿದಾಡಿದೆ. ಜೂನಿಯರ್‌ಗಳಿಗೆ ತೋರಿಸಿದರೆ ಅರ್ಧ ಜನಕ್ಕೆ ಅದು ಎಂಟು ಅಂತ ಗೊತ್ತಾಗಲಿಲ್ಲ. ಅಕ್ಷರವೋ ಅಂಕಿಯೋ ಅಂತಲೇ ಅನುಮಾನ. ಸಿಟ್ಟು ಬಂತು, ಆದರೆ ಪೋಸ್ಟರ್ ಕೆಳಗೆ ನಿಂತು ಎಲ್ಲರಿಗೂ ಪಾಠ ಮಾಡಲು ಆಗುತ್ತದಾ?

ಇದರ ಮಧ್ಯೆ ಕಂಪ್ಯೂಟರ್ ಬೇರೆ ಕಾಟ. ನಮ್ಮ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತು ಕಳಚಿ ಬೀಳುತ್ತಿತ್ತು. "ಸುತ್ತು" ಎಂಬುದು "ಸುತ್‌ತು" ಆಗುತ್ತಿತ್ತು. ಫ್ಲೆಕ್ಸ್ ಅಂಗಡಿಯಲ್ಲಿ ಹಳೆಯ ಕಾಲದ ಫಾಂಟ್‌ಗಳು, ನಮ್ಮ ಯುನಿಕೋಡ್ ಅಂಟಿಸಿದರೆ ಬರೀ ಚೌಕಗಳು. ಕೊನೆಗೆ ಕಂಡುಕೊಂಡ ದಾರಿ ಇದು: ಅಕ್ಷರಗಳನ್ನೆಲ್ಲ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಹಾಕು, ಪಾತ್ ಆಗಿ, ಅಂದರೆ ಬರೀ ಗೆರೆಗಳಾಗಿ ಬದಲಿಸು. ಆಗ ಅದು ಅಕ್ಷರ ಅಲ್ಲ, ಚಿತ್ರ. ಅಂಗಡಿಗೆ ಪಿಡಿಎಫ್, ಸಿನಿಮಾಗೆ ಹಿನ್ನೆಲೆ ಇಲ್ಲದ ಪಿಎನ್‌ಜಿ. ಒತ್ತು ಎಲ್ಲೂ ಓಡಿಹೋಗುವುದಿಲ್ಲ. ಹೆಸರುಗಳ ಪಟ್ಟಿಗೆ ಅನೆಕ್ ಕನ್ನಡ ಫಾಂಟ್ ಬಳಸಿದೆ. ಅದು ಮುಕ್ತ ಪರವಾನಗಿಯದು, ತೆಳುವಿನಿಂದ ದಪ್ಪದವರೆಗೆ ಎಲ್ಲ ತೂಕದಲ್ಲೂ ಇದೆ.

ಟೈಟಲ್‌ಗೆ ಮಾತ್ರ ಯಾವ ಫಾಂಟೂ ಹೊಂದಲಿಲ್ಲ. ಎಲ್ಲದರಲ್ಲೂ ಅಕ್ಷರ ತೀರಾ ನೀಟು. ಸಂತೆ ಹೊಂಡದ ಹತ್ತಿರ ಬೋರ್ಡ್ ಬರೆಯುವ ಒಬ್ಬ ಅಜ್ಜ ಇದ್ದಾರೆ. ಈಗ ಹೆಚ್ಚಾಗಿ ನಂಬರ್ ಪ್ಲೇಟ್, ಗುಡಿಯ ಗೋಡೆ ಬರೆಯುತ್ತಾರೆ. ನನ್ನ ಚಕ್ಕುಲಿ ಲೋಗೋ, ಅದರ ಕೆಳಗೆ ಟೈಟಲ್ ಪ್ರಿಂಟ್ ತೆಗೆದುಕೊಂಡು ಹೋದೆ. ಕಥೆ ಹೇಳಿದೆ, ಕಿಂಡಿ ಅಂದೆ. ಅವರು ಕನ್ನಡಕ ಮೇಲೇರಿಸಿ ನೋಡಿದರು.

"ಏನವ್ವಾ, ಅಕ್ಷರದಾಗೇ ಒಂದು ದುಂಡಕ್ಕಿರೋದು ಐತಲ್ಲ. ಮ್ಯಾಲೆ ಇನ್ನೊಂದು ಯಾಕೆ ಬರೀತೀಯ?"

ಎಂಟನೇ ಎಂಬುದರ ಸೊನ್ನೆ! ಎರಡು ತಿಂಗಳಿಂದ ನನ್ನ ಕಣ್ಣ ಮುಂದೆಯೇ ಇತ್ತು. ಆ ಸೊನ್ನೆಯೇ ಭೂಮಿಯ ಸುತ್ತಿನ ಕೋಟೆ, ಅದರಲ್ಲೊಂದು ಕಿಂಡಿ ಬಿಟ್ಟರೆ ಮುಗಿಯಿತು. ಬೇರೆ ಲೋಗೋ ಬೇಡವೇ ಬೇಡ.

ಹೇಳಿದಷ್ಟು ಸುಲಭ ಆಗಲಿಲ್ಲ. ಕಿಂಡಿ ಬಲಗಡೆ ಬಿಟ್ಟರೆ ಸೊನ್ನೆ ಇಂಗ್ಲಿಷಿನ ಸಿ ಆಗುತ್ತದೆ. ಒಬ್ಬಳು ಗಂಭೀರವಾಗಿ "ಎಸಿಟನೇ ಸುತ್ತು" ಅಂತ ಓದಿದಳು. ಕೆಳಗೆ ಬಿಟ್ಟರೆ ಕುದುರೆ ಲಾಳ. ನೆತ್ತಿಯಲ್ಲಿ ಬಿಟ್ಟರೆ ಬಟ್ಟಲು. ಗಡಿಯಾರದಲ್ಲಿ ಒಂದೂವರೆ ಗಂಟೆ ತೋರಿಸುವ ಕಡೆ, ಓರೆಯಾಗಿ ಬಿಟ್ಟಾಗ ಮಾತ್ರ ಅದು ಸೊನ್ನೆಯಾಗಿಯೇ ಉಳಿಯಿತು. ಅಗಲದ್ದು ಇನ್ನೊಂದು ಜಗಳ. ಕಿಂಡಿ ಕಿರಿದಾದರೆ ಫೋನಿನಲ್ಲಿ ಮುಚ್ಚಿಹೋಗುತ್ತದೆ, ಹಿರಿದಾದರೆ ಸೊನ್ನೆ ಕೆಡುತ್ತದೆ. ಹಾಗಾಗಿ ಎರಡು ಮಾಡಿದೆ. ಪೋಸ್ಟರಿಗೆ ಕಿಂಡಿಯ ಅಗಲ ಗೆರೆಯ ದಪ್ಪದಷ್ಟೇ. ಫೋನಿನ ಚಿಕ್ಕ ಚಿತ್ರಕ್ಕೆ ಅದರ ಒಂದೂವರೆ ಪಟ್ಟು. ನಾನು ಸೊನ್ನೆಯನ್ನು ಉಳಿದ ಅಕ್ಷರಕ್ಕಿಂತ ದೊಡ್ಡದು ಮಾಡಲು ಹೋದೆ. ಅಜ್ಜ ಬಿಡಲಿಲ್ಲ. "ಸೊನ್ನೆ ಪಕ್ಕದಾಗೆ ಕುಂದ್ರಬೇಕು, ಹೆಗಲ ಮ್ಯಾಲೆ ಅಲ್ಲ" ಅಂದರು.

ಅವರು ಬ್ರಷ್‌ನಲ್ಲಿ ಬಿಳಿ ಹಾಳೆಯ ಮೇಲೆ ಆರು ಸಲ ಬರೆದುಕೊಟ್ಟರು. ಮೂರನೆಯದನ್ನು ಆರಿಸಿದೆ. ಸ, ತ ಎರಡರ ತಲೆಕಟ್ಟೂ ಒಂದೇ ಕಡೆಗೆ ಬೀಸಿದ ಹಾಗಿದೆ, ಗಾಳಿಗೆ ಸಿಕ್ಕ ಹುಲ್ಲಿನಂತೆ. ನೆರಳಿನಲ್ಲಿಟ್ಟು ಫೋಟೋ ತೆಗೆದು, ಇಂಕ್‌ಸ್ಕೇಪಿನಲ್ಲಿ ಟ್ರೇಸ್ ಮಾಡಿ, ನೂರಾರು ಬಿಂದುಗಳನ್ನು ಒಂದೊಂದಾಗಿ ಅಳಿಸಿ ಅಂಚು ಸರಿ ಮಾಡಿದೆ. ಬ್ರಷ್ ಒಣಗಿ ಬಿರುಕು ಬಿಟ್ಟ ಕಡೆ ಮಾತ್ರ ಮುಟ್ಟಲಿಲ್ಲ.

ಎರಡನೆಯ ಪೋಸ್ಟರ್

ಹಳೆಯ ಫ್ಲೆಕ್ಸಿನ ನೇರಳೆ ಬಣ್ಣಕ್ಕೂ ಒಂದು ಕಥೆ ಇದೆ. ಪರದೆಯ ಮೇಲೆ ಅದು ಮಿಂಚುತ್ತಿತ್ತು, ಪ್ರಿಂಟ್ ಆಗಿ ಬಂದಾಗ ಒಣಗಿದ ನೇರಳೆ ಹಣ್ಣು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರಿಂಟರ್ ಶಾಯಿಯಿಂದ. ಹೊಳೆಯುವ ನೇರಳೆ, ನೀಲಿಗಳು ನಾಲ್ಕು ಶಾಯಿಗಳ ಕೈಗೆ ಸಿಗುವುದಿಲ್ಲ. ಅಂಗಡಿಯವರನ್ನು ಬೈದು ಬಂದಿದ್ದೆ. ತಪ್ಪು ನನ್ನದೇ, ಆಮೇಲೆ ಹೋಗಿ ಹೇಳಿದೆ.

ಹೊಸ ಪೋಸ್ಟರಿನಲ್ಲಿ ಸಿನಿಮಾದಲ್ಲಿ ಇರುವುದು ಮಾತ್ರ. ಬಂಡೆಯ ಮೇಲೆ ತಗ್ಗು ಬಿದ್ದ ಹೆಲ್ಮೆಟ್, ಪಕ್ಕದಲ್ಲಿ ಮಡಚಿದ ಕಂಬಳಿ, ಮೇಲೆ ಅಜ್ಜನ ಅಕ್ಷರ. ಕಲ್ಲಿನ ಬೂದು, ಕಂಬಳಿಯ ಕಪ್ಪು, ಸೊನ್ನೆಯ ಕಿಂಡಿಯಲ್ಲಿ ಗಾಳಿಯಂತ್ರದ ದೀಪದಷ್ಟು ಒಂದು ಕೆಂಪು ಚುಕ್ಕಿ. ಟೀ ಶರ್ಟ್ ಕೈಬಿಟ್ಟೆವು. ಮೊದಲು ಮಾಡಿಸಿದ ಐದನ್ನು ಈಗ ಮನೆಯಲ್ಲಿ ಹಾಕಿಕೊಳ್ಳುತ್ತೇವೆ.

ಆ ಪೋಸ್ಟರ್ ಹಿಡಿದು ದಾವಣಗೆರೆಯಲ್ಲಿ ಗೆಳತಿಯ ಕಾಲೇಜಿಗೆ ಹೋದೆವು. ಬೆಣ್ಣೆ ದೋಸೆ ತಿಂದು ಹೋದದ್ದರಿಂದ ಹೆದರಿಕೆ ಸ್ವಲ್ಪ ಕಡಿಮೆ ಇತ್ತು. ಸಿನಿಮಾ ಅದೇ, ಒಂದು ಕಟ್ ಕೂಡ ಬದಲಾಗಿರಲಿಲ್ಲ, ಟೈಟಲ್ ಕಾರ್ಡ್ ಬಿಟ್ಟರೆ. ಈ ಸಲ ಯಾರೂ ರಾಕೆಟ್ ಕೇಳಲಿಲ್ಲ. ಒಬ್ಬಳು, "ಆ ಹೆಸರಿಲ್ಲದ ಸ್ವಿಚ್ ಕೊನೆಗೆ ಒತ್ತುತ್ತಾಳೆ ಅಂದುಕೊಂಡೆ" ಅಂದಳು. ನಮ್ಮ ಬರಹಗಾರ್ತಿ ತಕ್ಷಣ ನೋಟ್‌ಬುಕ್ ತೆಗೆದಳು. ಇನ್ನೊಬ್ಬರು ಲೆಕ್ಚರರ್, ನಡುವೆ ಎರಡು ನಿಮಿಷ ಎಳೆದಿದೆ ಅಂದರು. ನಿಜ, ಎಳೆದಿದೆ. ಬೈಕ್ ಹೆಡ್‌ಲೈಟಿನ ಶಾಟ್‌ಗಳನ್ನು ಕತ್ತರಿಸಲು ನಮ್ಮ ಕ್ಯಾಮೆರಾದವನಿಗೆ ಮನಸ್ಸು ಬರಲಿಲ್ಲ.

ಒಟ್ಟು ಖರ್ಚು 6,900 ರೂಪಾಯಿ ಚಿಲ್ಲರೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲ ಫ್ಲೆಕ್ಸ್, ಟೀ ಶರ್ಟ್ ಮತ್ತು ರೆಕ್ಸಿನ್ ಜಾಕೆಟಿಗೆ ಹೋಗಿದೆ. ಅಂದರೆ ಸಿನಿಮಾದಲ್ಲಿ ಇಲ್ಲದ್ದಕ್ಕೆ.

ದಾವಣಗೆರೆಯಿಂದ ಬಂದ ಮೇಲೆ ಅಜ್ಜನಿಗೆ ಫೋನಿನಲ್ಲಿ ಸಿನಿಮಾ ತೋರಿಸಿದೆ. ಪೂರ್ತಿ ನೋಡಿದರು. ಕೊನೆಯಲ್ಲಿ "ಅಕ್ಷರ" ಅಂತ ಅವರ ಹೆಸರು ಬಂತು. ಖುಷಿ ಆಗುತ್ತಾರೆ ಅಂದುಕೊಂಡಿದ್ದೆ. ಅವರು ಹುಬ್ಬು ಗಂಟಿಕ್ಕಿದರು.

"ಅಕ್ಷರ ನಂದು ಅಂತೀಯ. ನನ್ನ ಹೆಸರು ಮಾತ್ರ ಕಂಪ್ಯೂಟರ್‌ದಾಗೆ ಬರ್ದೀಯಲ್ಲವ್ವಾ?"

ಅಲ್ಲೇ ಹಾಳೆ ತೆಗೆದು ತಮ್ಮ ಹೆಸರು ತಾವೇ ಬರೆದುಕೊಟ್ಟರು, ಒಂದೇ ಸಲಕ್ಕೆ. ರಾತ್ರಿ ಅದನ್ನು ಟ್ರೇಸ್ ಮಾಡಿ ಕೊನೆಯ ಕಾರ್ಡ್ ಬದಲಿಸಿ ಮತ್ತೆ ಎಕ್ಸ್‌ಪೋರ್ಟ್ ಹಾಕಿದೆ. ನಮ್ಮ ಹಳೆಯ ಲ್ಯಾಪ್‌ಟಾಪ್ ನಲವತ್ತು ನಿಮಿಷ ತೆಗೆದುಕೊಂಡಿತು.